ಜಗತ್ತಿನ ಹವಾಮಾನ ಒಪ್ಪಂದ, ಗಡಿನಾಡಿನ ಕೊಳವೆಬಾವಿ

ವೇದಾವತಿ ನದಿಯು ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರವನ್ನು ತುಂಬಿ, ಅಲ್ಲಿಂದ ಮುಂದೆ ಆಂಧ್ರಪ್ರದೇಶದ ರಾಯದುರ್ಗ ಸೀಮೆಯ ಭೈರವಾನಿತಿಪ್ಪ ಜಲಾಶಯವನ್ನು ಸೇರುತ್ತದೆ. ಬಳಿಕ ಹಗರಿ ಎಂಬ ಹೆಸರಿನಲ್ಲಿ ಮತ್ತೆ ಬಳ್ಳಾರಿ ಜಿಲ್ಲೆಯನ್ನು ಹೊಕ್ಕು ತುಂಗಭದ್ರೆಯಲ್ಲಿ ಒಂದಾಗುತ್ತದೆ. ಒಂದೇ ನದಿ ಎರಡು ರಾಜ್ಯಗಳ ಗಡಿಯನ್ನು ಹೀಗೆ ಎರಡು ಬಾರಿ ದಾಟುತ್ತದೆ. ಅದರ ದಂಡೆಯ ಬರವೂ ಹಾಗೆಯೇ. ಮುಂಗಾರು ಕೈಕೊಟ್ಟ ವರ್ಷ ಮೊಳಕಾಲ್ಮುರು, ಪಾವಗಡಗಳ ಹೊಲಗಳು ಒಣಗಿದಂತೆಯೇ ರಾಯದುರ್ಗ, ಮಡಕಶಿರಾಗಳ ಹೊಲಗಳೂ ಒಣಗುತ್ತವೆ. ಆದರೆ ಬರವನ್ನು ಎದುರಿಸಲು ಬೇಕಾದ ಮಾಹಿತಿ, ಯೋಜನೆ, ಹಣ ಇವು ಮೂರೂ ರಾಜ್ಯದ ಗೆರೆಯವರೆಗೆ ಬಂದು ಅಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಕುರಿತು ಜಗತ್ತಿನ ರಾಷ್ಟ್ರಗಳು ಸೇರಿ ನಡೆಸುವ ಸಂಶೋಧನೆ ಮತ್ತು ರೂಪಿಸುವ ನೀತಿಯ ಸುದ್ದಿಗಳು ದುಬೈ, ಬೆಲೆಮ್‌ಗಳಂತಹ ದೂರದ ನಗರಗಳಿಂದ ಬರುತ್ತವೆ. ಅವುಗಳಿಗೂ ನಮ್ಮ ಊರಿನ ಕೊಳವೆಬಾವಿಗೂ ಸಂಬಂಧವೇನು ಎಂಬ ಪ್ರಶ್ನೆ ಸಹಜವಾದುದೇ. ಸಂಬಂಧವಿದೆ; ಈ ಸಹಕಾರದ ಗಮನಾರ್ಹ ಪ್ರಯೋಗಗಳಲ್ಲೊಂದು ಅನಂತಪುರ ಮತ್ತು ಕರ್ನೂಲು ಜಿಲ್ಲೆಗಳಲ್ಲಿಯೇ ನಡೆದಿದೆ. ಆ ಪ್ರಯೋಗದಿಂದ ಜಗತ್ತು ಕಲಿತುದೇನು, ಗಡಿನಾಡ ಕನ್ನಡಿಗರು ಅದರಿಂದ ಪಡೆಯಬಹುದಾದುದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೊಂದಾಣಿಕೆ ಎಂದರೇನು

ಹವಾಮಾನ ಬದಲಾವಣೆಯ ಕುರಿತ ಚರ್ಚೆಯಲ್ಲಿ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ಇಂಗಾಲದ ಡೈಆಕ್ಸೈಡ್‌ನಂತಹ ಹಸಿರುಮನೆ ಅನಿಲಗಳನ್ನು ಹೊರಬಿಡುವುದನ್ನು ಕಡಿಮೆ ಮಾಡುವುದು ಮೊದಲನೆಯದು. ಅದನ್ನು ಶಮನ ಎನ್ನುತ್ತಾರೆ. ಈಗಾಗಲೇ ಆಗಿರುವ ಮತ್ತು ಮುಂದೆ ತಪ್ಪಿಸಲಾಗದ ಬದಲಾವಣೆಗೆ ಬದುಕನ್ನು ಒಗ್ಗಿಸಿಕೊಳ್ಳುವುದು ಎರಡನೆಯದು, ಅದು ಹೊಂದಾಣಿಕೆ. ಶಮನದ ಹೊಣೆ ಮುಖ್ಯವಾಗಿ ಹೆಚ್ಚು ಕಲ್ಲಿದ್ದಲು, ತೈಲ ಉರಿಸಿದ ದೇಶಗಳದು. ಹೊಂದಾಣಿಕೆಯ ಭಾರ ಮಾತ್ರ ಅಷ್ಟೇನೂ ಉರಿಸದ ಜನರ ಹೆಗಲ ಮೇಲೆಯೂ ಬೀಳುತ್ತದೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯನ್ನಷ್ಟೇ ಕಾಣುವ ಅನಂತಪುರ ಸೀಮೆಯಲ್ಲಿ ಕಡಲೆಕಾಯಿ ಬಿತ್ತುವವನು ಭೂಮಿಯ ತಾಪವನ್ನು ಏರಿಸಿದವನಲ್ಲ. ಏರಿದ ತಾಪದ ಫಲವನ್ನು ಉಣ್ಣುವವನು.

ಹೊಂದಾಣಿಕೆಯನ್ನು ತತ್ಕಾಲದ ನಿಭಾವಣೆಯಿಂದ ಬೇರ್ಪಡಿಸಿ ನೋಡಬೇಕು. ಬರದ ವರ್ಷ ದನಗಳನ್ನು ಮಾರುವುದು, ಸಾಲ ಮಾಡುವುದು, ಬೆಂಗಳೂರಿಗೆ ಕೂಲಿಗೆ ಹೋಗುವುದು ನಿಭಾವಣೆ. ಮುಂದಿನ ಬರ ಬಂದಾಗ ದನ ಮಾರುವ ಅಗತ್ಯವೇ ಬೀಳದಂತೆ ಬೆಳೆ, ನೀರು, ಮೇವುಗಳನ್ನು ಅಣಿಗೊಳಿಸುವುದು ಹೊಂದಾಣಿಕೆ. ಹೊಂದಾಣಿಕೆಯಂತೆ ತೋರಿ ಕೊನೆಗೆ ಹಾನಿಯನ್ನೇ ಹೆಚ್ಚಿಸುವ ಕ್ರಮಗಳೂ ಇವೆ. ನೀರು ಬತ್ತಿತೆಂದು ನೆರೆಯವನಿಗಿಂತ ಆಳಕ್ಕೆ ಕೊಳವೆಬಾವಿ ಕೊರೆಸುವುದು ಅದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ. ಅದರಿಂದ ಒಬ್ಬನಿಗೆ ಒಂದೆರಡು ವರ್ಷ ನೀರು ದೊರೆಯುತ್ತದೆ. ಊರಿನ ನೀರಿನ ಮಟ್ಟ ಇನ್ನಷ್ಟು ಕುಸಿಯುತ್ತದೆ, ಸಾಲ ಉಳಿಯುತ್ತದೆ.

ಜ್ಞಾನ, ನೀತಿ, ಹಣ

ಹೊಂದಾಣಿಕೆಯ ಕುರಿತ ಅಂತರರಾಷ್ಟ್ರೀಯ ಸಹಕಾರವನ್ನು ಮೂರು ಎಳೆಗಳಾಗಿ ಬಿಡಿಸಿ ನೋಡಬಹುದು.

ಮೊದಲನೆಯದು ಜ್ಞಾನ. ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಎರಡೂ ಸೇರಿ 1988ರಲ್ಲಿ ಸ್ಥಾಪಿಸಿದ ಅಂತರಸರ್ಕಾರಿ ಹವಾಮಾನ ಬದಲಾವಣೆ ಸಮಿತಿ, ಅಂದರೆ ಐಪಿಸಿಸಿ, ಜಗತ್ತಿನ ಸಂಶೋಧನೆಗಳನ್ನು ಒರೆಗೆ ಹಚ್ಚಿ ವರದಿಗಳನ್ನು ಪ್ರಕಟಿಸುತ್ತದೆ. ಅದರ ಆರನೆಯ ವರದಿಯ ಹೊಂದಾಣಿಕೆ ಭಾಗ 2022ರ ಫೆಬ್ರವರಿಯಲ್ಲಿ ಹೊರಬಂದಿತು. ಹವಾಮಾನ ಬದಲಾವಣೆಯ ಅಪಾಯಕ್ಕೆ ಅತಿ ಹೆಚ್ಚಾಗಿ ಒಡ್ಡಿಕೊಂಡ ಸ್ಥಿತಿಯಲ್ಲಿ 330ರಿಂದ 360 ಕೋಟಿ ಜನರು ಬದುಕುತ್ತಿದ್ದಾರೆಂದು ಅದು ಅಂದಾಜಿಸಿತು.

ಎರಡನೆಯದು ನೀತಿ. 1992ರ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯಲ್ಲಿ ಹೊಂದಾಣಿಕೆಯ ಮಾತು ಇದ್ದರೂ ಅದಕ್ಕೆ ಶಮನದಷ್ಟು ತೂಕವಿರಲಿಲ್ಲ. 2010ರಲ್ಲಿ ಮೆಕ್ಸಿಕೋದ ಕ್ಯಾನ್‌ಕೂನ್‌ನಲ್ಲಿ ಹೊಂದಾಣಿಕೆಗೆಂದೇ ಒಂದು ಚೌಕಟ್ಟು ಒಪ್ಪಿತವಾಯಿತು. 2015ರ ಪ್ಯಾರಿಸ್ ಒಪ್ಪಂದದ ಏಳನೆಯ ವಿಧಿಯು ಪೂರ್ಣವಾಗಿ ಹೊಂದಾಣಿಕೆಗೆ ಮೀಸಲು. ಆ ವಿಧಿಯ ಐದನೆಯ ಪರಿಚ್ಛೇದವನ್ನು ಗಡಿನಾಡಿನ ಓದುಗರು ಗಮನಿಸಬೇಕು. ಹೊಂದಾಣಿಕೆಯ ಕೆಲಸದಲ್ಲಿ ಜನರ ಪಾಲ್ಗೊಳ್ಳುವಿಕೆ, ಪಾರದರ್ಶಕತೆ ಇರಬೇಕು. ದುರ್ಬಲ ಗುಂಪುಗಳನ್ನೂ ಸಮುದಾಯಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಜ್ಞಾನದೊಡನೆ ಪಾರಂಪರಿಕ ಜ್ಞಾನ ಮತ್ತು ಸ್ಥಳೀಯ ಜ್ಞಾನ ಪದ್ಧತಿಗಳೂ ಅದಕ್ಕೆ ಆಧಾರವಾಗಬೇಕು ಎಂಬುದು ಅದರ ತಾತ್ಪರ್ಯ. 2023ರಲ್ಲಿ ದುಬೈ ಸಮಾವೇಶ ಈ ಗುರಿಗೆ ನೀರು, ಆಹಾರ, ಆರೋಗ್ಯ ಮೊದಲಾದ ವಿಷಯವಾರು ಚೌಕಟ್ಟನ್ನು ಹಾಕಿತು. ಪ್ರಗತಿಯನ್ನು ಅಳೆಯುವ ಸೂಚಕಗಳ ಪಟ್ಟಿ 2025ರಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ಅಂಗೀಕಾರವಾಯಿತು.

ಮೂರನೆಯದು ಹಣ. ಇಲ್ಲಿಯೇ ಕೊರತೆ ದೊಡ್ಡದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿಯ ಪ್ರಕಾರ, ಅಭಿವೃದ್ಧಿಶೀಲ ದೇಶಗಳಿಗೆ 2035ರ ವೇಳೆಗೆ ವರ್ಷಕ್ಕೆ 310ರಿಂದ 365 ಶತಕೋಟಿ ಡಾಲರ್ ಬೇಕು. 2023ರಲ್ಲಿ ಅಂತರರಾಷ್ಟ್ರೀಯ ಸಾರ್ವಜನಿಕ ಮೂಲಗಳಿಂದ ಹರಿದುದು ಸುಮಾರು 26 ಶತಕೋಟಿ ಮಾತ್ರ. ಬಂದ ಹಣವೂ ಹಲವು ಕಾಲುವೆಗಳಲ್ಲಿ ಬರುತ್ತದೆ. ಕ್ಯೋಟೊ ಒಪ್ಪಂದದ ಅಡಿಯಲ್ಲಿ ಹುಟ್ಟಿದ ಹೊಂದಾಣಿಕೆ ನಿಧಿ ಅವುಗಳಲ್ಲೊಂದು. ಭಾರತದಲ್ಲಿ ಅದರ ಹಣವನ್ನು ನೇರವಾಗಿ ಪಡೆದು ಯೋಜನೆ ನಡೆಸುವ ಅಧಿಕೃತ ಸಂಸ್ಥೆಯಾಗಿ ನಬಾರ್ಡ್ 2012ರಲ್ಲಿ ಮಾನ್ಯತೆ ಪಡೆಯಿತು. ಹಸಿರು ಹವಾಮಾನ ನಿಧಿ, ಜಾಗತಿಕ ಪರಿಸರ ನಿಧಿ, ವಿಶ್ವಬ್ಯಾಂಕ್, ಕೃಷಿ ಅಭಿವೃದ್ಧಿಯ ಅಂತರರಾಷ್ಟ್ರೀಯ ನಿಧಿ ಇವು ಇತರ ಕಾಲುವೆಗಳು.

ಇಂಡೋನೇಷ್ಯದ ಗದ್ದೆಯಿಂದ ರಾಯಲಸೀಮೆಗೆ

ಈ ಮೂರು ಎಳೆಗಳು ಒಂದು ಹಳ್ಳಿಯಲ್ಲಿ ಹೇಗೆ ಕೂಡುತ್ತವೆ ಎಂಬುದಕ್ಕೆ ಆಂಧ್ರಪ್ರದೇಶ ರೈತ ನಿರ್ವಹಣೆಯ ಅಂತರ್ಜಲ ಪದ್ಧತಿಗಳ ಯೋಜನೆ ನಿದರ್ಶನ. ಇದು ಹವಾಮಾನದ ಹೆಸರಿನಲ್ಲಿ ಆರಂಭವಾದುದಲ್ಲ. ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ 2003ರಲ್ಲಿ ಮೊದಲಾಗಿ, ಬಳಿಕ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗದರ್ಶನದಲ್ಲಿ ನಡೆಯಿತು. ಅನಂತಪುರ, ಕರ್ನೂಲು, ಕಡಪ, ಚಿತ್ತೂರು, ಪ್ರಕಾಶಂ, ಮಹಬೂಬ್‌ನಗರ, ನಲ್ಗೊಂಡ ಎಂಬ ಏಳು ಬರಪೀಡಿತ ಜಿಲ್ಲೆಗಳ 600ಕ್ಕೂ ಹೆಚ್ಚು ಜನವಸತಿಗಳು ಅದರ ವ್ಯಾಪ್ತಿಯಲ್ಲಿದ್ದವು. ಅನಂತಪುರ ಜಿಲ್ಲೆಯಲ್ಲಿ ಆಗ ರಾಯದುರ್ಗ, ಮಡಕಶಿರಾಗಳೆರಡೂ ಸೇರಿದ್ದವು. ಆದೋನಿ ಕರ್ನೂಲು ಜಿಲ್ಲೆಯಲ್ಲಿತ್ತು.

ಯೋಜನೆಯ ಬೋಧನಾ ಕ್ರಮ ಬಂದುದು ಇಂಡೋನೇಷ್ಯದಿಂದ. ಅಲ್ಲಿ ಅತಿಯಾದ ಕೀಟನಾಶಕದ ಬಳಕೆಯಿಂದ ಭತ್ತದ ಕಂದು ಜಿಗಿಹುಳುವಿನ ಬಾಧೆ ಉಲ್ಬಣಿಸಿದಾಗ, 1989ರಿಂದ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ ರೈತ ಕ್ಷೇತ್ರ ಪಾಠಶಾಲೆಗಳು ನಡೆದವು. ರೈತರು ಹಂಗಾಮಿನುದ್ದಕ್ಕೂ ಗದ್ದೆಯಲ್ಲಿಯೇ ಸೇರಿ, ಹುಳುಗಳನ್ನು ಎಣಿಸಿ, ಕಂಡುದನ್ನು ಚರ್ಚಿಸಿ, ಮದ್ದು ಹೊಡೆಯಬೇಕೇ ಬೇಡವೇ ಎಂಬುದನ್ನು ತಾವೇ ನಿರ್ಧರಿಸಿದರು. ರಾಯಲಸೀಮೆಯಲ್ಲಿ ಈ ಕ್ರಮವನ್ನು ಕಣ್ಣಿಗೆ ಕಾಣದ ನೀರಿಗೆ ಅನ್ವಯಿಸಲಾಯಿತು. ಹುಳುವಿನ ಎಣಿಕೆಯ ಸ್ಥಾನದಲ್ಲಿ ನೀರಿನ ಅಳತೆ ಬಂದಿತು.

ಊರಿನ ಸ್ತ್ರೀಪುರುಷರು ಮಳೆಮಾಪಕದಲ್ಲಿ ಪ್ರತಿದಿನದ ಮಳೆಯನ್ನೂ ಹದಿನೈದು ದಿನಕ್ಕೊಮ್ಮೆ ಆಯ್ದ ಬಾವಿಗಳ ನೀರಿನ ಮಟ್ಟವನ್ನೂ ಅಳೆದು ಬರೆದಿಟ್ಟರು. ಮುಂಗಾರು ಮುಗಿದು ಹಿಂಗಾರಿನ ಬಿತ್ತನೆಗೆ ಮೊದಲು ಊರು ಸಭೆ ಸೇರಿ, ನೆಲದಡಿಯಲ್ಲಿ ಎಷ್ಟು ನೀರಿದೆ, ಬಿತ್ತಲು ಬಯಸಿದ ಬೆಳೆಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿತು. ಇದನ್ನೇ ಬೆಳೆಯ ನೀರಿನ ಆಯವ್ಯಯ ಎನ್ನುತ್ತಾರೆ.

ಈ ಲೆಕ್ಕವನ್ನು ಒಂದು ಕಲ್ಪಿತ ಊರಿನ ಮೂಲಕ ಮಾಡಿ ನೋಡೋಣ. ಊರಿನ ವಿಸ್ತೀರ್ಣ 500 ಹೆಕ್ಟೇರ್, ಜನಸಂಖ್ಯೆ 1,000, ವರ್ಷದ ಮಳೆ 550 ಮಿ.ಮೀ. ಎಂದಿರಲಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು 10 ಘನ ಮೀಟರ್, ಅಂದರೆ 10,000 ಲೀಟರ್ ನೀರು. ಊರಿನ ಮೇಲೆ ಬಿದ್ದ ಒಟ್ಟು ಮಳೆ 27 ಲಕ್ಷ 50 ಸಾವಿರ ಘನ ಮೀಟರ್. ನಮ್ಮ ಕಡೆಯ ಗಟ್ಟಿ ಬಂಡೆಯ ನೆಲದಲ್ಲಿ ಇದರ ಬಹುಪಾಲು ಆವಿಯಾಗಿ ಇಲ್ಲವೆ ಹರಿದು ಹೋಗುತ್ತದೆ. ಹತ್ತರಲ್ಲೊಂದು ಪಾಲು ಇಂಗಿತು ಎಂದುಕೊಂಡರೆ ದೊರೆಯುವುದು 2 ಲಕ್ಷ 75 ಸಾವಿರ. ತಲೆಗೆ ದಿನಕ್ಕೆ 55 ಲೀಟರಿನಂತೆ ಮನೆಬಳಕೆಗೆ ಸುಮಾರು 20 ಸಾವಿರವನ್ನು ಕಳೆದರೆ ಉಳಿಯುವುದು 2 ಲಕ್ಷ 55 ಸಾವಿರ ಘನ ಮೀಟರ್. ಭತ್ತಕ್ಕೆ ಹೆಕ್ಟೇರಿಗೆ ಸುಮಾರು 12,000 ಘನ ಮೀಟರ್ ನೀರು ಬೇಕೆಂದು ಹಿಡಿದರೆ ಇಡೀ ಊರಿಗೆ ದಕ್ಕುವುದು 21 ಹೆಕ್ಟೇರ್ ಭತ್ತ. ಸುಮಾರು 5,000 ಘನ ಮೀಟರ್ ಸಾಕೆನ್ನುವ ಕಡಲೆಕಾಯಿಯಾದರೆ 51 ಹೆಕ್ಟೇರ್. ದನಕರುಗಳ ಪಾಲನ್ನು ಇನ್ನೂ ಕಳೆದಿಲ್ಲ.

ಗುಣಾಕಾರ, ಭಾಗಾಕಾರ ಬಲ್ಲ ಯಾರಾದರೂ ಮಾಡಬಹುದಾದ ಲೆಕ್ಕ ಇದು. ಆದರೆ ಅದನ್ನು ಊರವರೇ ತಮ್ಮ ಅಂಕಿಗಳಿಂದ, ತಮ್ಮ ಅರಳಿಕಟ್ಟೆಯ ಮುಂದೆ, ತಮ್ಮ ಮಾತಿನಲ್ಲಿ ಮಾಡಿದಾಗ ಅದರ ಪರಿಣಾಮ ಬೇರೆ. ಯೋಜನೆಯು ಯಾರಿಗೂ ಭತ್ತ ಬೆಳೆಯಬೇಡಿ ಎಂದು ಆಜ್ಞಾಪಿಸಲಿಲ್ಲ. ನೀರು ಉಳಿಸಿದವರಿಗೆ ಸಹಾಯಧನವನ್ನೂ ಕೊಡಲಿಲ್ಲ. ಹೀಗಿದ್ದರೂ ಅನೇಕ ಊರುಗಳಲ್ಲಿ ರೈತರು ಹೆಚ್ಚು ನೀರು ಬೇಡುವ ಬೆಳೆಯನ್ನು ತಾವಾಗಿ ಕಡಿಮೆ ಮಾಡಿದರೆಂದು ವಿಶ್ವಬ್ಯಾಂಕ್ 2010ರಲ್ಲಿ ಪ್ರಕಟಿಸಿದ ಭಾರತದ ಅಂತರ್ಜಲ ಕುರಿತ ಅಧ್ಯಯನ ಗುರುತಿಸಿತು. ಅನಂತರ ಜಾಗತಿಕ ಪರಿಸರ ನಿಧಿಯ ನೆರವಿನಲ್ಲಿ ಇದೇ ಅನುಭವವನ್ನು ಹವಾಮಾನ ಹೊಂದಾಣಿಕೆಯ ಪ್ರಾಯೋಗಿಕ ಯೋಜನೆಯಾಗಿ ಮುಂದುವರಿಸಲಾಯಿತು.

ಹಣ ನಿಂತ ಮೇಲೆ

ಪ್ರಶಂಸೆಯ ಜೊತೆಗೆ ಪ್ರಶ್ನೆಗಳೂ ಬಂದವು. ಯೋಜನೆ ಮುಗಿದ ಬಳಿಕ, 2012ರಲ್ಲಿ, ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ಸಂಶೋಧನಾ ಕಾರ್ಯಕ್ರಮದಡಿ ಪ್ರಕಟವಾದ ಮರುಪರಿಶೀಲನೆಯೊಂದು, ಹೇಳಿಕೊಂಡ ಫಲಿತಾಂಶಗಳೆಲ್ಲ ನೆಲದ ಮೇಲೆ ಉಳಿದಿವೆಯೇ ಎಂದು ಕೇಳಿತು. ಹೊರಗಿನ ನೆರವು ನಿಂತಾಗ ಅಳತೆಯ ಪುಸ್ತಕವನ್ನು ಯಾರು ಮುಂದುವರಿಸಬೇಕು ಎಂಬ ಪ್ರಶ್ನೆ ಇಂತಹ ಎಲ್ಲ ಯೋಜನೆಗಳ ದುರ್ಬಲ ಕೊಂಡಿ. ಪಂಚಾಯಿತಿಯಾಗಲಿ ಶಾಲೆಯಾಗಲಿ ಅದನ್ನು ತನ್ನದೆಂದು ತೆಗೆದುಕೊಳ್ಳದಿದ್ದರೆ ಪುಸ್ತಕ ಮುಚ್ಚಿಹೋಗುತ್ತದೆ.

ಆದರೂ ಕಲ್ಪನೆ ಸಾಯಲಿಲ್ಲ. ಊರೇ ನೀರಿನ ಆಯವ್ಯಯ ಬರೆದು ಜಲಭದ್ರತಾ ಯೋಜನೆ ಮಾಡುವ ಕ್ರಮ ರಾಷ್ಟ್ರೀಯ ನೀತಿಯನ್ನು ಪ್ರವೇಶಿಸಿತು. ಭಾರತ ಸರ್ಕಾರ ಮತ್ತು ವಿಶ್ವಬ್ಯಾಂಕ್ ಸಮಪಾಲು ಹಾಕಿ 6,000 ಕೋಟಿ ರೂಪಾಯಿ ವೆಚ್ಚದಲ್ಲಿ 2020ರಿಂದ ಜಾರಿಗೆ ತಂದ ಅಟಲ್ ಭೂಜಲ ಯೋಜನೆಯ ಹೃದಯಭಾಗ ಇದೇ. ಆ ಯೋಜನೆಗೆ ಆಯ್ಕೆಯಾದ ರಾಜ್ಯಗಳು ಏಳು: ಗುಜರಾತ್, ಹರಿಯಾಣ, ಕರ್ನಾಟಕ, ಮಧ್ಯಪ್ರದೇಶ, ಮಹಾರಾಷ್ಟ್ರ, ರಾಜಸ್ಥಾನ, ಉತ್ತರಪ್ರದೇಶ. ನೀರಿನ ಆಯವ್ಯಯವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದ ಆಂಧ್ರಪ್ರದೇಶದ ಹೆಸರು ಈ ಪಟ್ಟಿಯಲ್ಲಿ ಇರಲಿಲ್ಲ.

ಗಡಿಯಲ್ಲಿ ಕಡಿಯುವ ಮೂರು ಕೊಂಡಿಗಳು

ಇಲ್ಲಿಂದ ಮುಂದೆ ಗಡಿನಾಡಿನ ಪ್ರಶ್ನೆ ಆರಂಭವಾಗುತ್ತದೆ. ಅಂತರರಾಷ್ಟ್ರೀಯ ನೆರವು ದೇಶದ ಮೂಲಕ ರಾಜ್ಯಕ್ಕೆ, ರಾಜ್ಯದ ಮೂಲಕ ಜಿಲ್ಲೆಗೆ ಇಳಿಯುತ್ತದೆ. ಈ ಇಳಿಜಾರಿನಲ್ಲಿ ಮೂರು ಕೊಂಡಿಗಳು ಗಡಿಯಲ್ಲಿ ಕಡಿಯುತ್ತವೆ.

ಮೊದಲನೆಯದು ಯೋಜನೆಯ ಕೊಂಡಿ. ಮಹಾರಾಷ್ಟ್ರ ಸರ್ಕಾರವು ವಿಶ್ವಬ್ಯಾಂಕ್ ಸಾಲದಿಂದ 2018ರಲ್ಲಿ ಆರಂಭಿಸಿದ ಹವಾಮಾನ ಸಹಿಷ್ಣು ಕೃಷಿ ಯೋಜನೆಯ ಮೊದಲ ಹಂತಕ್ಕೆ ಮರಾಠವಾಡ, ವಿದರ್ಭಗಳ ಜಿಲ್ಲೆಗಳೊಡನೆ ಜಳಗಾಂವ್ ಆಯ್ಕೆಯಾಯಿತು. ಒಟ್ಟು 15 ಜಿಲ್ಲೆಗಳು. ಜತ್ತ ತಾಲ್ಲೂಕಿರುವ ಸಾಂಗಲಿಯಾಗಲಿ, ಅಕ್ಕಲಕೋಟೆಯಿರುವ ಸೊಲ್ಲಾಪುರವಾಗಲಿ ಆ ಪಟ್ಟಿಯಲ್ಲಿ ಇರಲಿಲ್ಲ. ಯಾವ ಜಿಲ್ಲೆಯನ್ನು ಆಯ್ದರೂ ಇನ್ನೊಂದು ಹೊರಗುಳಿಯುವುದು ಅನಿವಾರ್ಯವೇ. ಆದರೆ ಜಿಲ್ಲೆ ದೊಡ್ಡದಾಗಿ, ಅದರ ಒಂದು ಭಾಗ ಮಾತ್ರ ಒಣ ಸೀಮೆಯಾದಾಗ, ಆ ಭಾಗದ ಬರ ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಸಾಂಗಲಿಯ ಪಶ್ಚಿಮದಲ್ಲಿ ಕೃಷ್ಣೆಯ ದಂಡೆಯ ಕಬ್ಬು, ಪೂರ್ವದ ಜತ್ತದಲ್ಲಿ ಟ್ಯಾಂಕರಿನ ನೀರು. ಇವೆರಡರ ಸರಾಸರಿ ಯಾರ ಸ್ಥಿತಿಯನ್ನೂ ಹೇಳುವುದಿಲ್ಲ.

ಎರಡನೆಯದು ಅಂಕಿಅಂಶದ ಕೊಂಡಿ. ಕರ್ನಾಟಕದ ವಿಪತ್ತು ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಹರಡಿದೆ. ರೈತರ ಕರೆಗೆ ಕನ್ನಡದಲ್ಲಿ ಉತ್ತರಿಸುವ ವರುಣ ಮಿತ್ರ ಸೇವೆಯನ್ನೂ ನಡೆಸುತ್ತದೆ. ನೆರೆಯ ರಾಜ್ಯಗಳ ಮಳೆಮಾಪಕ ಜಾಲಗಳು ಬೇರೆ, ಅವುಗಳ ಪ್ರಕಟಣೆ ಬೇರೆ. ವೇದಾವತಿಯ ಇಡೀ ಕೊಳ್ಳದಲ್ಲಿ ನಿನ್ನೆ ಎಷ್ಟು ಮಳೆಯಾಯಿತೆಂದು ಅರಿಯಬಯಸುವ ರಾಯದುರ್ಗದ ರೈತ ಎರಡು ರಾಜ್ಯಗಳ ಮಾಹಿತಿಯನ್ನು ತಾನೇ ಜೋಡಿಸಿಕೊಳ್ಳಬೇಕಾಗುತ್ತದೆ.

ಮೂರನೆಯದು, ನಮಗೆ ಎಲ್ಲಕ್ಕಿಂತ ಹತ್ತಿರದ್ದು, ಭಾಷೆಯ ಕೊಂಡಿ. ಭಾರತೀಯ ಹವಾಮಾನ ಇಲಾಖೆಯ ಕೃಷಿ ಹವಾಮಾನ ಸಲಹೆಗಳು ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಇಂಗ್ಲಿಷಿನಲ್ಲಿಯೂ ಆಯಾ ರಾಜ್ಯದ ಭಾಷೆಯಲ್ಲಿಯೂ ಹೊರಡುತ್ತವೆ. ಮಡಕಶಿರಾದ ಕನ್ನಡ ಮನೆಗೆ ಅದು ತೆಲುಗಿನಲ್ಲಿ, ತಾಳವಾಡಿಯ ಮನೆಗೆ ತಮಿಳಿನಲ್ಲಿ, ಜತ್ತದ ಮನೆಗೆ ಮರಾಠಿಯಲ್ಲಿ ದೊರೆಯುತ್ತದೆ. ಸಂತೆಯಲ್ಲಿ ನೆರೆಭಾಷೆಯನ್ನು ಸರಾಗವಾಗಿ ಆಡುವ ಹಿರಿಯರೂ ಕೀಟನಾಶಕದ ಪ್ರಮಾಣವನ್ನೋ ಬೆಳೆವಿಮೆಯ ಕೊನೆಯ ದಿನಾಂಕವನ್ನೋ ಆ ಲಿಪಿಯಲ್ಲಿ ಓದಬಲ್ಲರೆಂದು ಹೇಳಲಾಗದು. ಆಡುವ ಬಲ್ಮೆ ಬೇರೆ, ಓದಿ ಅರಿಯುವ ಬಲ್ಮೆ ಬೇರೆ.

ಭಾಷೆಯ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಪ್ಯಾರಿಸ್ ಒಪ್ಪಂದ ಹೇಳುವ ಸ್ಥಳೀಯ ಜ್ಞಾನವೂ ಭಾಷೆಯಲ್ಲಿಯೇ ಇದೆ. ನಮ್ಮ ರೈತ ಮಳೆಯನ್ನು ತಿಂಗಳಿನಿಂದ ಎಣಿಸುವುದಿಲ್ಲ. ರೋಹಿಣಿ, ಮೃಗಶಿರ, ಆರಿದ್ರೆ, ಉತ್ತರೆ, ಹಸ್ತ, ಚಿತ್ತೆ ಎಂದು ಹದಿಮೂರು ಹದಿನಾಲ್ಕು ದಿನಗಳ ನಕ್ಷತ್ರಗಳಿಂದ ಎಣಿಸುತ್ತಾನೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಮಾತು ಯಾವ ವೇಳೆಯ ಮಳೆಗೆ ಯಾವ ಬೆಳೆ ಎಂಬ ತಲೆಮಾರುಗಳ ಗಮನಿಕೆಯ ಸಾರ. ಈಗ ಮಳೆಯ ವೇಳೆ ಕದಲುತ್ತಿದೆಯೇ, ಯಾವ ನಕ್ಷತ್ರದ ಮಳೆ ಎಷ್ಟು ಕಡಿಮೆಯಾಗಿದೆ ಎಂದು ಹಿರಿಯರನ್ನು ಕೇಳಿದರೆ ಅವರು ಕನ್ನಡದಲ್ಲಿ ಉತ್ತರಿಸುತ್ತಾರೆ. ಪ್ರಶ್ನಾವಳಿ ಹಿಡಿದು ಬಂದವರಿಗೆ ಆ ಭಾಷೆ ತಿಳಿಯದಿದ್ದರೆ ಆ ಉತ್ತರ ದಾಖಲೆಗೆ ಇಳಿಯುವುದಿಲ್ಲ.

ಸಂಶೋಧಕರು ನಮ್ಮ ಸೀಮೆಗಳತ್ತ ಬರುವುದೇ ಇಲ್ಲವೆಂದಲ್ಲ. ಕೆನಡಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ ಮತ್ತು ಬ್ರಿಟನ್ ಸರ್ಕಾರದ ನೆರವಿನಿಂದ ಕಳೆದ ದಶಕದಲ್ಲಿ ನಡೆದ ಅರೆಶುಷ್ಕ ಪ್ರದೇಶಗಳ ಹೊಂದಾಣಿಕೆ ಅಧ್ಯಯನವನ್ನು ಕೇಪ್‌ಟೌನ್ ವಿಶ್ವವಿದ್ಯಾಲಯ ಮುನ್ನಡೆಸಿತು. ಭಾರತದಲ್ಲಿ ಅದರ ಹೊಣೆ ಹೊತ್ತುದು ಬೆಂಗಳೂರಿನ ಭಾರತೀಯ ಮಾನವ ವಸತಿಗಳ ಸಂಸ್ಥೆ. ಬೋಟ್ಸ್ವಾನಾ, ನಮೀಬಿಯಾ, ಘಾನಾ, ಮಾಲಿ, ಕೀನ್ಯಾ, ಇಥಿಯೋಪಿಯಾಗಳ ಜೊತೆಗೆ ಭಾರತದಲ್ಲಿ ಆಯ್ದ ಪ್ರದೇಶಗಳಲ್ಲಿ ಮೋಯಾರ್–ಭವಾನಿ ಸೀಮೆಯೂ ಒಂದು. ಮೋಯಾರ್ ನೀಲಗಿರಿಯ ತಪ್ಪಲಿನಲ್ಲಿ ಹರಿದು ಭವಾನಿಸಾಗರವನ್ನು ಸೇರುವ ಹೊಳೆ. ಅದರ ಉತ್ತರಕ್ಕೆ ತಾಳವಾಡಿಯ ಮಲೆ. ಇಂತಹ ಅಧ್ಯಯನಗಳ ಫಲಿತಾಂಶ ಇಂಗ್ಲಿಷಿನ ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಐಪಿಸಿಸಿಯ ಅಧಿಕೃತ ಭಾಷೆಗಳು ಆರು. ಅವುಗಳಲ್ಲಿ ಭಾರತದ ಯಾವ ಮಾತೃಭಾಷೆಗೂ ಸ್ಥಾನವಿಲ್ಲ. ಉತ್ತರ ಕೊಟ್ಟವರಿಗೆ ಫಲಿತಾಂಶ ಹಿಂದಿರುಗಬೇಕಾದರೆ ಅದು ಅವರ ಭಾಷೆಯಲ್ಲಿಯೇ ಹಿಂದಿರುಗಬೇಕು.

ಬೇರೆ ಗಡಿಗಳು ಕಲಿಸುವುದು

ಗಡಿಯ ಎರಡು ಬದಿಯವರು ಸೇರಿ ಹೊಂದಾಣಿಕೆಯನ್ನು ಯೋಜಿಸುವುದು ಆಗದ ಕೆಲಸವೇನೂ ಅಲ್ಲ. ಉಕ್ರೇನ್ ಮತ್ತು ಮೊಲ್ದೋವಾ ದೇಶಗಳು ಹಂಚಿಕೊಂಡ ನೀಸ್ಟರ್ ನದಿಯ ಕೊಳ್ಳಕ್ಕೆ 2015ರಲ್ಲಿ ಹವಾಮಾನ ಹೊಂದಾಣಿಕೆಯ ಜಂಟಿ ಚೌಕಟ್ಟು ರೂಪುಗೊಂಡಿತು. ಕಾಂಬೋಡಿಯಾ, ಲಾವೋಸ್, ಥೈಲ್ಯಾಂಡ್, ವಿಯೆಟ್ನಾಂ ಸೇರಿದ ಮೆಕಾಂಗ್ ನದಿ ಆಯೋಗ 2017ರಲ್ಲಿ ಅಂತಹುದೇ ಕಾರ್ಯತಂತ್ರವನ್ನು ಅಂಗೀಕರಿಸಿತು. ಮೆಕಾಂಗ್ ದೇಶಗಳು ನಾಲ್ಕು, ಅವುಗಳ ರಾಷ್ಟ್ರಭಾಷೆಗಳೂ ನಾಲ್ಕು. ನೀರಿನ ಹಂಚಿಕೆಯಲ್ಲಿ ಮನಸ್ತಾಪವಿದ್ದರೂ ಮಳೆ ಮತ್ತು ನದಿಮಟ್ಟದ ಅಂಕಿಗಳನ್ನು ಒಂದೆಡೆ ಇಡಲು ಅವು ಒಪ್ಪಿವೆ. ಬೇರೆ ಬೇರೆ ಸಾರ್ವಭೌಮ ದೇಶಗಳಿಗೆ ಸಾಧ್ಯವಾದುದು ಒಂದೇ ಸಂವಿಧಾನದ ಅಡಿಯಲ್ಲಿರುವ ಎರಡು ರಾಜ್ಯಗಳಿಗೆ ಅಸಾಧ್ಯವಾಗಬೇಕಿಲ್ಲ.

ಹವಾಮಾನ ಯೋಜನೆಗಳು ನಮ್ಮಲ್ಲಿ ರಾಜ್ಯವಾರು ರಚಿತವಾಗುತ್ತವೆ. 2008ರ ರಾಷ್ಟ್ರೀಯ ಕ್ರಿಯಾಯೋಜನೆಯ ಬಳಿಕ ಪ್ರತಿ ರಾಜ್ಯವೂ ತನ್ನ ಕ್ರಿಯಾಯೋಜನೆಯನ್ನು ಬರೆಯಿತು. ಅವುಗಳ ಮುಂದಿನ ಪರಿಷ್ಕರಣೆಯಲ್ಲಿ ವೇದಾವತಿ, ಮೋಯಾರ್‌ನಂತಹ ಅಂತರರಾಜ್ಯ ಕಿರುಕೊಳ್ಳಗಳಿಗೆ ಜಂಟಿ ಅಧ್ಯಾಯವೊಂದು ಇರಲೆಂದು ಕೇಳುವುದು ನ್ಯಾಯವಾದ ಬೇಡಿಕೆ.

ನಮ್ಮ ಹಕ್ಕು, ನಮ್ಮ ಕೆಲಸ

ಭಾಷೆಯ ಕೊಂಡಿಯನ್ನು ಬೆಸೆಯಲು ಹೊಸ ಕಾನೂನು ಬೇಕಿಲ್ಲ. ಸಂವಿಧಾನದ 350ನೆಯ ಅನುಚ್ಛೇದವು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಕೇಂದ್ರವೂ ರಾಜ್ಯಗಳೂ ಒಪ್ಪಿಕೊಂಡ ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಕ್ರಮಗಳ ಪ್ರಕಾರ, ಜಿಲ್ಲೆ ಅಥವಾ ತಾಲ್ಲೂಕಿನ ಜನಸಂಖ್ಯೆಯಲ್ಲಿ 15 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚು ಇರುವ ಭಾಷಿಕರಿಗೆ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಅವರ ಭಾಷೆಯಲ್ಲಿ ಪ್ರಕಟಿಸಬೇಕು. ಇವು ಪಾಲನೆಯಾಗುತ್ತಿವೆಯೇ ಎಂದು ಪರಿಶೀಲಿಸಲು 350ಬಿ ಅನುಚ್ಛೇದದ ಅಡಿಯಲ್ಲಿ ವಿಶೇಷ ಅಧಿಕಾರಿ ಇದ್ದಾರೆ. ಬರ ಘೋಷಣೆ, ಬೆಳೆವಿಮೆಯ ಗಡುವು, ಚಂಡಮಾರುತದ ಎಚ್ಚರಿಕೆ ಇವು ಮುಖ್ಯ ಪ್ರಕಟಣೆಗಳಲ್ಲವೆಂದು ಯಾರೂ ವಾದಿಸಲಾರರು.

ಅಂತರರಾಷ್ಟ್ರೀಯ ನಿಯಮಗಳೂ ನಮ್ಮ ಪರವಾಗಿವೆ. 2018ರಿಂದ ಜಾರಿಯಲ್ಲಿರುವ ವಿಶ್ವಬ್ಯಾಂಕಿನ ಪರಿಸರ ಮತ್ತು ಸಾಮಾಜಿಕ ಮಾನದಂಡಗಳಲ್ಲಿ ಹತ್ತನೆಯದು, ಯೋಜನೆಯ ಮಾಹಿತಿಯನ್ನು ಸಂಬಂಧಿತ ಸ್ಥಳೀಯ ಭಾಷೆಗಳಲ್ಲಿ ಜನರಿಗೆ ಎಟಕುವ ರೀತಿಯಲ್ಲಿ ಪ್ರಕಟಿಸಬೇಕೆಂದು ಹೇಳುತ್ತದೆ. ಇಲ್ಲಿರುವ ಪದ ಸ್ಥಳೀಯ ಭಾಷೆ; ರಾಜ್ಯಭಾಷೆ ಎಂದಲ್ಲ. 2027ರ ಅಂತ್ಯದೊಳಗೆ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಮುನ್ನೆಚ್ಚರಿಕೆ ತಲಪಬೇಕೆಂಬ ಕಾರ್ಯಕ್ರಮವನ್ನು ವಿಶ್ವಸಂಸ್ಥೆ 2022ರಲ್ಲಿ ಘೋಷಿಸಿತು. ಕಾಸರಗೋಡಿನ ಕಡಲತೀರದ ಕನ್ನಡ ಮನೆಯೂ ಆ ಪ್ರತಿಯೊಬ್ಬರಲ್ಲಿ ಸೇರಿದೆ; ಓದಲಾಗದ ಎಚ್ಚರಿಕೆ ತಲಪಿದ ಎಚ್ಚರಿಕೆಯಾಗದು.

ಆದ್ದರಿಂದ ನಮ್ಮ ಸಂಘಗಳು ಶಾಲೆ ಮತ್ತು ನೇಮಕಾತಿಗಳ ಮನವಿಯ ಜೊತೆಗೆ ಇನ್ನು ಮುಂದೆ ಮೂರು ಬೇಡಿಕೆಗಳನ್ನು ಸೇರಿಸಬಹುದು. ಗಡಿ ಮಂಡಲ, ತಾಲ್ಲೂಕುಗಳಿಗೆ ಕೃಷಿ ಹವಾಮಾನ ಸಲಹೆ ಕನ್ನಡದಲ್ಲಿಯೂ ಬರಲಿ. ಕಷ್ಟದ ಕೆಲಸವೇನಲ್ಲ, ಗಡಿಯ ಈಚೆಗಿನ ಕರ್ನಾಟಕದ ಜಿಲ್ಲೆಗಳಿಗೆ ಅದು ಕನ್ನಡದಲ್ಲಿ ಹೊರಡುತ್ತಲೇ ಇದೆ. ಹೊರದೇಶದ ನೆರವಿನ ಯಾವುದೇ ಯೋಜನೆಯ ಗ್ರಾಮಸಭೆ ಮತ್ತು ಸಮೀಕ್ಷೆಗಳಲ್ಲಿ ಕನ್ನಡ ಬಲ್ಲವರಿರಲಿ. ಅಧ್ಯಯನದ ಸಾರ ನಾಲ್ಕು ಪುಟಗಳಲ್ಲಾದರೂ ಕನ್ನಡದಲ್ಲಿ ಊರಿಗೆ ಹಿಂದಿರುಗಲಿ.

ಬೇಡಿಕೆಗಾಗಿ ಕಾಯದೆ ನಾವೇ ಆರಂಭಿಸಬಹುದಾದ ಕೆಲಸವೂ ಒಂದಿದೆ. ಮಳೆಮಾಪಕ ದುಬಾರಿಯ ಸಾಧನವಲ್ಲ. ಗಡಿನಾಡಿನ ಪ್ರತಿ ಕನ್ನಡ ಶಾಲೆಯ ಅಂಗಳದಲ್ಲಿ ಒಂದನ್ನು ನಿಲ್ಲಿಸಿ, ಬೆಳಿಗ್ಗೆ ಎಂಟೂವರೆಗೆ ಅಳೆದು, ದಿನಾಂಕದ ಪಕ್ಕದಲ್ಲಿ ನಕ್ಷತ್ರದ ಹೆಸರನ್ನೂ ಬರೆದು, ಹದಿನೈದು ದಿನಕ್ಕೊಮ್ಮೆ ಹತ್ತಿರದ ಬಾವಿಯ ಮಟ್ಟವನ್ನು ಸೇರಿಸಿದರೆ, ಐದು ವರ್ಷಗಳಲ್ಲಿ ಆ ಊರಿನ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಮುಂದೆ ಯಾವ ದೇಶದ ಯಾವ ಸಂಸ್ಥೆಯ ಸಂಶೋಧಕರು ಬಂದರೂ ಕೇಳುವ ಮೊದಲ ಪ್ರಶ್ನೆ ಅದನ್ನೇ ಕುರಿತದ್ದು. ರೋಹಿಣಿ ಮಳೆ ಮೇ ತಿಂಗಳ ಕೊನೆಯ ವಾರದಲ್ಲಿ ಹುಟ್ಟುತ್ತದೆ. ಅಷ್ಟರೊಳಗೆ ಒಂದು ಪುಸ್ತಕಕ್ಕೆ ಗೆರೆ ಎಳೆದು ಇಟ್ಟುಕೊಳ್ಳಬಹುದು.